ಪಾರ್ಕಿನಲ್ಲಿ ಎರಡು ಪಂಕ್ತಿ

ಹೋದ ವಾರ ಹುಕ್ಕೇರಿಗೆ ಹೋಗಿದ್ದೆ. ಮೂಡಲಗಿಯಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ಹಳೆಯ ಗಿರಾಕಿಗಳ ಮನೆಗೆ ಆಗಾಗ ಹೋಗಿ ಕೂತು ಬರುವುದೂ ನಮ್ಮ ವ್ಯಾಪಾರದ ಒಂದು ಭಾಗವೇ. ಅಂದು ನಾನು ಹೋದ ಮನೆಯ ಯಜಮಾನರು ಹೊಲಕ್ಕೆ ಹೋಗಿದ್ದರು. ಹೊಸದಾಗಿ ಬಂದ ಸೊಸೆ, ಮೈಸೂರು ಕಡೆಯ ಹುಡುಗಿ, ಬಹಳ ನಯವಾಗಿ "ಟೀ ಕುಡೀತೀರಾ ಅಂಕಲ್?" ಎಂದು ಕೇಳಿದಳು. ನಾನು "ಬ್ಯಾಡವಾ ತಂಗಿ, ಈಗರ ಚಾ ಆತು" ಎಂದೆ. ಆಕೆ "ಸರಿ ಅಂಕಲ್" ಎಂದು ಒಳಗೆ ಹೋದಳು.

ಹೋದವಳು ಹೋದಳು. ನಾನು ಮುಕ್ಕಾಲು ತಾಸು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಣ್ಣಿಮೆಗಳನ್ನು ಓದುತ್ತ ಕೂತೆ. ಒಳಗೆ ಶುಂಠಿ ಜಜ್ಜಿದ ಸಪ್ಪಳ ಕೇಳಿಸಿತು, ವಾಸನೆಯೂ ಬಂತು. ಬಂದದ್ದು ಅಷ್ಟೇ. ಒಣಗಿದ ಗಂಟಲಿನಲ್ಲಿ ಎದ್ದು ಬಂದೆ. ಅದರಲ್ಲಿ ಆ ಹುಡುಗಿಯದು ಏನೂ ತಪ್ಪಿಲ್ಲ. ಕೇಳಿದಳು, ನಾನು ಉತ್ತರ ಕೊಟ್ಟೆ, ನಂಬಿದಳು. ನಮ್ಮ ಕಡೆ ಮೊದಲನೆಯ "ಬ್ಯಾಡ" ಎಂಬುದು ಉತ್ತರವಲ್ಲ, ಅದೊಂದು ನಮಸ್ಕಾರ ಎಂದು ಆಕೆಗೆ ಯಾರು ಹೇಳಿಕೊಡಬೇಕು? ನಮಸ್ಕಾರ ಮಾಡಿದವನನ್ನು ಹಾಗೇ ಬಿಟ್ಟು ಒಳಗೆ ಹೋಗುವುದು ಅವರ ಕಡೆ ರೂಢಿಯೇನೋ.

ಈ "ಬ್ಯಾಡ"ದ ವ್ಯಾಕರಣವನ್ನು ನನಗೆ ಕಲಿಸಿದವರು ಅಂಕಲಗಿಯ ನಮ್ಮ ಕಾಕಾ. ಅಪ್ಪನ ದೂರದ ತಮ್ಮ. ಸುತ್ತ ಹತ್ತೂರಿನ ಮದುವೆಗಳಲ್ಲಿ ನೀಡುವ ಕೆಲಸ ಅವರದೇ. ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿ, ಹುಗ್ಗಿಯ ಬಕೆಟ್ಟು ಹಿಡಿದು ಅವರು ಪಂಕ್ತಿಯ ನಡುವೆ ಹೊರಟರೆ ಉಣ್ಣುವವರು ಕೈ ಅಡ್ಡ ಹಿಡಿಯುತ್ತಿದ್ದರು. ಕಾಕಾ ಕೆಲವರಿಗೆ ಸುರಿಯುತ್ತಿದ್ದರು, ಕೆಲವರನ್ನು ಬಿಟ್ಟು ಮುಂದೆ ಹೋಗುತ್ತಿದ್ದರು. ಒಮ್ಮೆಯೂ ತಪ್ಪಿದ್ದಿಲ್ಲ. ಸಣ್ಣವನಿದ್ದಾಗ ನಾನು ಇದರ ಗುಟ್ಟು ಕೇಳಿದ್ದೆ.

"ಮಾರಿ ನೋಡಬಾರದೋ ತಮ್ಮಾ," ಎಂದಿದ್ದರು ಕಾಕಾ, ಮುಖದ ಮೇಲೆ ಕೈಯಾಡಿಸಿಕೊಂಡು. "ಮಾರಿ ಸುಳ್ಳ ಹೇಳತೈತಿ. ಬೆರಳ ನೋಡು. ಬೆರಳ ಕೂಡಿದ್ದ್ರ ಹೊಟ್ಟಿ ತುಂಬೇತಿ. ಬೆರಳ ನಡಕ ಸಂದಿದ್ದ್ರ ಸುರಿ, ಅಂವಾ ಕಾಯಾಕತ್ತಾನ."

ಇಷ್ಟು ದೊಡ್ಡ ವಿದ್ಯೆ ಕಲಿತ ಮನೆತನದ ನಾವು ಎರಡು ವರ್ಷದ ಹಿಂದೆ ಪುಣೆ ದಾಟಿ, ಮುಂಬೈ ಹಾದಿಯಲ್ಲಿರುವ ಒಂದು ದೊಡ್ಡ ಮೋಜಿನ ಪಾರ್ಕಿಗೆ ಹೋಗಿ, ಉಪವಾಸ ಬಿದ್ದು ಬಂದ ಕಥೆಯನ್ನು ನಿಮಗೆ ಹೇಳಬೇಕು.

ಪಾರ್ಕಿನ ಆಸೆ ಹುಟ್ಟಿದ್ದು ಹುಕ್ಕೇರಿಗೆ ಕೊಟ್ಟ ನನ್ನ ತಂಗಿಯ ಇಬ್ಬರು ಸಣ್ಣ ಹೆಣ್ಣುಮಕ್ಕಳಿಗೆ. ಆಕಾಶದಲ್ಲಿ ತಲೆಕೆಳಗಾಗಿ ಓಡುವ ರೈಲನ್ನು ಅವರು ಮೊಬೈಲಿನಲ್ಲಿ ನೋಡಿದ್ದರು. ಆದರೆ ನಮ್ಮಂಥ ಮನೆಗಳಲ್ಲಿ ಮಕ್ಕಳ ಆಸೆ ದೊಡ್ಡವರ ಕೈಗೆ ಸಿಕ್ಕರೆ ಅದು ಊಟದ ವಿಚಾರವಾಗಿ ಬದಲಾಗುತ್ತದೆ. ಕುಲಗೋಡದ ಅಣ್ಣನ ಮನೆಯ ಪಡಸಾಲೆಯಲ್ಲಿ ಸಭೆ ಸೇರಿತು. ಕಬ್ಬಿನ ಗದ್ದೆಯಿಂದ ನೆಟ್ಟಗೆ ಬಂದಿದ್ದ ಅಣ್ಣ, ಅವನ ಹೆಂಡತಿ ವೈನಿ, ನಾನು, ನನ್ನ ಮನೆಯಾಕೆ ಸುವರ್ಣಾ, ಗೋಕಾಕದಲ್ಲಿ ಕಾಲೇಜು ಓದುವ ಮಗಳು ಶಿಲ್ಪಾ. ಮೂಲೆಯಲ್ಲಿ ಮೆಂತೆ ಪಲ್ಯ ಸೋಸುತ್ತ ಅವ್ವ.

ಶಿಲ್ಪಾ ಪಾರ್ಕಿನ ಆಟಗಳ ಹೆಸರು ಓದತೊಡಗಿದಳು. ಎರಡನೆಯದಕ್ಕೇ ಅಣ್ಣ ಕೈ ಎತ್ತಿ ನಿಲ್ಲಿಸಿದ.

"ಅದೆಲ್ಲಾ ಇರ್ಲಿ. ಉಣ್ಣಾಕ ಏನ್ ವ್ಯವಸ್ಥಾ ಐತಿ?"

"ಬುತ್ತಿ ಕಟ್ಟಿದ್ರಾತು," ಎಂದಳು ವೈನಿ. "ಎಂಬತ್ತ ಕಟಕ ರೊಟ್ಟಿ ಮಾಡ್ತೀನಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಮಸರ ಒಂದ್ ಡಬ್ಬಿ."

"ಒಳಗ ಬುತ್ತಿ ಬಿಡಾಂಗಿಲ್ಲ ದೊಡ್ಡವ್ವಾ," ಎಂದಳು ಶಿಲ್ಪಾ.

ಬುತ್ತಿ ಬಿಡದ ಊರೂ ಭೂಮಿಯ ಮೇಲಿದೆ ಎಂದು ನಮಗೆ ಆವತ್ತೇ ಗೊತ್ತಾದದ್ದು. ನಾವು ಬೆಳಗಾವಿಗೆ ಹಲ್ಲು ತೋರಿಸಲು ಹೋದರೂ ರೊಟ್ಟಿ ಕಟ್ಟಿಕೊಂಡು ಹೋಗುವ ಮಂದಿ. ಅಣ್ಣ ಬಹಳ ಹೊತ್ತು ವಿಚಾರ ಮಾಡಿ, "ಹಂಗಾರ ಅಲ್ಲಿ ಮಂದಿ ಏನ್ ತಿಂತಾರ?" ಎಂದ.

"ಅಲ್ಲಲ್ಲಿ ಅಂಗಡಿ ಅದಾವ ದೊಡ್ಡಪ್ಪಾ. ತಗೊಂಡು ನಿಂತಲ್ಲೇ ತಿನ್ನೂದು."

"ನಿಂತು ತಿನ್ನಾಕ ನಾವೇನ್ ಗ್ವಾದಲ್ಯಾಗಿನ ದನಾ?"

ಆಗ ಶಿಲ್ಪಾ ಇನ್ನೊಂದಿಷ್ಟು ಹುಡುಕಿ, ಕೂತು ಉಣ್ಣುವ ಹೋಟೆಲೂ ಒಂದಿದೆ ಎಂದು ಹೇಳಿದಳು. ಮಧ್ಯಾಹ್ನ ತಟ್ಟೆ ಊಟ. ಮೊದಲೇ ಮೇಜು ಹಿಡಿದಿಡಬೇಕು. "ಕುಂತಲ್ಲೇ ಬಿಸಿ ಬಿಸಿ ಭಾಕ್ರಿ ತಂದ್ ತಂದ್ ಹಾಕ್ತಾರಂತ ಆಯಿ," ಎಂದು ಅವ್ವನ ಕಡೆ ತಿರುಗಿ ಹೇಳಿದಳು.

ಮೆಂತೆ ಸೋಸುತ್ತಿದ್ದ ಅವ್ವನ ಕೈ ನಿಂತಿತು. ಅಲ್ಲಿಯ ತನಕ ಅವ್ವ ಬರುವ ಮಾತೇ ಇರಲಿಲ್ಲ. "ಮಂದಿ ತೊಟ್ಲಾ ತೂಗಿ ತೂಗಿ ಸಾಕಾಗೇತಿ, ಈಗ ನಾನ ಹೋಗಿ ತೊಟ್ಲದಾಗ ಕುಂದ್ರಲೇನು?" ಎಂದು ನಗೆಯಾಡಿ ಮುಗಿಸಿದ್ದಳು.

"ಕುಂತಾಕಿ ಮುಂದ ತಂದ್ ಹಾಕ್ತಾರ?" ಎಂದಳು.

"ಹೂಂ ಆಯಿ."

"ನಡಕ ಏಳಬೇಕಾಗಿಲ್ಲ?"

"ಇಲ್ಲ."

"ರೊಟ್ಟಿ ಬಿಸೀವ ಇರ್ತಾವ?"

"ಹಂಚಿನ ಮ್ಯಾಲಿಂದ ನೆಟ್ಟಗ ತಟ್ಟಿಗೆ."

"ಹಂಗಾರ ಬರ್ತೀನಿ," ಎಂದು ಅವ್ವ ಮತ್ತೆ ಮೆಂತೆಗೆ ಕೈ ಹಾಕಿದಳು.

ಅವ್ವ ಬಿಸಿ ರೊಟ್ಟಿ ಉಂಡದ್ದನ್ನು ನಾನು ನೋಡಿಲ್ಲ. ತಪ್ಪು ತಿಳಿಯಬೇಡಿ, ನಮ್ಮ ಮನೆಯಲ್ಲಿ ರೊಟ್ಟಿಗೇನೂ ಬರವಿರಲಿಲ್ಲ. ಮೊದಲ ಪಂಕ್ತಿ ಅಜ್ಜ, ಅಪ್ಪ, ಆಳುಮಕ್ಕಳು, ಬಂದ ಬೀಗರು, ನಾವು ಹುಡುಗರು. ಹಂಚಿನ ಮೇಲಿನ ರೊಟ್ಟಿ ಹೊಗೆಯಾಡುತ್ತ ನಮ್ಮ ತಟ್ಟೆಗೆ ಬೀಳುತ್ತಿತ್ತು. "ಇನ್ನೊಂದರ್ಧ" ಎಂದು ಅವ್ವ, "ಬ್ಯಾಡ" ಎಂದು ನಾವು, "ಹಂಗಂದ್ರ ಹೆಂಗ" ಎಂದು ಅವ್ವ. ಈ ಜಗಳ ಮುಗಿದು ನಾವು ಕೈ ತೊಳೆದ ಮೇಲೆ ಒಳಗೆ ಹೆಣ್ಣುಮಕ್ಕಳ ಎರಡನೆಯ ಪಂಕ್ತಿ. ಅದರಲ್ಲಿ ಯಾರು ಯಾರಿಗೆ ನೀಡಿದರು, ಏನು ಉಳಿದಿತ್ತು, ನಮಗೆ ಗೊತ್ತಿಲ್ಲ. ಆ ಹೊತ್ತಿಗೆ ನಾವು ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತ ಊರಿನ ನ್ಯಾಯ ಮಾತಾಡುತ್ತಿದ್ದೆವು.

ಸರಿ, ಪಾರ್ಕಿನ ಊಟದ ಜವಾಬ್ದಾರಿಯನ್ನು ಸಭೆ ನನಗೆ ಒಪ್ಪಿಸಿತು. ಇಂಥ ಮರ್ಯಾದೆ ನನಗೆ ಹಿಂದೆ ಬಂದಿರಲಿಲ್ಲ. ಶಿಲ್ಪಾ "ನಾ ಮಾಡ್ತೀನಿ ಕೊಡಪ್ಪಾ" ಎಂದರೂ ನಾನು ಮೊಬೈಲು ಬಿಡಲಿಲ್ಲ. ಆಕೆ ಗೋಕಾಕಕ್ಕೆ ಹೋದ ಮೇಲೆ, ಒಂದು ಲಗ್ನಪತ್ರಿಕೆಯ ಬೆನ್ನಿಗೆ ಯೋಜನೆ ಬರೆದೆ. ಹನ್ನೆರಡರ ತನಕ ಆಟ, ಅದೂ ಹಸಿವೆ ಆಗಲಿ ಎಂಬ ಕಾರಣಕ್ಕೆ. ಆಮೇಲೆ ಕೈಕಾಲು ತೊಳೆಯುವುದು. ಆಮೇಲೆ ಊಟ. ಊಟದ ನಂತರ ತಿರುಗುವ ಯಾವ ಆಟವೂ ಇಲ್ಲ, ನೆರಳಿನಲ್ಲಿ ಕೂಡುವುದು. ಇಂಥ ಯೋಜನೆಗೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ, ಅಣ್ಣನ ತೋಟದಲ್ಲೇ ಆಗುತ್ತಿತ್ತು ಎಂದು ಈಗ ಅನಿಸುತ್ತದೆ.

ಮೇಜು ಹಿಡಿಯಲು ಹೋದಾಗ ಮೊಬೈಲು ನನ್ನನ್ನು ಎರಡೇ ಪ್ರಶ್ನೆ ಕೇಳಿತು. ಎಷ್ಟು ಮಂದಿ? ಎಷ್ಟು ಗಂಟೆಗೆ? ನಾವು ಹನ್ನೊಂದು ಮಂದಿ. ನನ್ನ ಬೆರಳು ಒಂದು ಕ್ಷಣವೂ ತಡಮಾಡದೆ ಒತ್ತಿತು: ಒಂದು ಗಂಟೆಗೆ ಆರು ಮಂದಿ, ಎರಡೂಕಾಲಿಗೆ ಐದು ಮಂದಿ.

ನಗಬೇಡಿ. ನನಗೆ ಅದು ತಪ್ಪು ಎಂದು ಹೊಳೆಯಲೇ ಇಲ್ಲ. ಅಷ್ಟೇ ಅಲ್ಲ, ಹೊರಡುವ ಮುಂಚೆ ಶಿಲ್ಪಾ, ಹುಕ್ಕೇರಿಯವರು ಬಿಟ್ಟು ಉಳಿದವರು ಮತ್ತೆ ಕೂಡಿದಾಗ ಲಗ್ನಪತ್ರಿಕೆ ನೋಡಿ ಗಟ್ಟಿಯಾಗಿ ಓದಿದೆ. "ಮೊದಲನೇ ಪಂಗ್ತಿ: ಅಣ್ಣ, ಹುಕ್ಕೇರಿ ಅಳ್ಯಾರು, ನಾನು, ಡ್ರೈವರ್ ಈರಪ್ಪ, ಸಣ್ಣ ಹುಡುಗೇರಿಬ್ಬರು. ಎರಡನೇ ಪಂಗ್ತಿ: ಅವ್ವ, ವೈನಿ, ತಂಗಿ, ಸುವರ್ಣಾ, ಶಿಲ್ಪಾ." ಗಂಡಸರು ಗೋಣು ಹಾಕಿದರು. ಹೆಂಗಸರೂ ಗೋಣು ಹಾಕಿದರು. ವೈನಿ ಮಾತ್ರ ಒಂದು ಸಂಶಯ ತೆಗೆದಳು.

"ಎರಡನೇ ಪಂಗ್ತಿಗೆ ಪಲ್ಯ ಉಳೀತಾವಲ್ಲ?"

ಉಳಿಯುತ್ತವೆ ಎಂದು ನಾನು ಭರವಸೆ ಕೊಟ್ಟೆ.

ಈರಪ್ಪನ ಕ್ರೂಸರ್ ಗಾಡಿಯಲ್ಲಿ ನಸುಕಿಗೇ ಹೊರಟೆವು. ಗೋಕಾಕದಲ್ಲಿ ಶಿಲ್ಪಾಳನ್ನೂ ಎರಡು ಡಬ್ಬಿ ಕರದಂಟನ್ನೂ ಹತ್ತಿಸಿಕೊಂಡು, ಹುಕ್ಕೇರಿಯಲ್ಲಿ ತಂಗಿಯ ಮನೆಯವರನ್ನು ಕೂಡಿಸಿಕೊಂಡು ಹೆದ್ದಾರಿ ಹಿಡಿದೆವು. ವೈನಿ ಎಂಬತ್ತು ರೊಟ್ಟಿಗಳನ್ನು ಮಾಡಿಯೇ ತಂದಿದ್ದಳು, ಹಾದಿಗಿರಲಿ ಎಂದು. ರಾತ್ರಿ ಪುಣೆಯಲ್ಲಿ ತಂಗಿದ್ದು, ಮರುದಿನ ಪಾರ್ಕಿನ ಬಾಗಿಲಿಗೆ ಮುಟ್ಟಿದಾಗ ಅರ್ಧ ಗಂಟು ಹಾಗೇ ಉಳಿದಿತ್ತು. ಅದನ್ನು ಗಾಡಿಯಲ್ಲೇ ಬಿಟ್ಟೆವು. ಒಮ್ಮೆ ಒಳಗೆ ಹೋದವರು ಹೊರಗೆ ಬಂದರೆ ತಿರುಗಿ ಬಿಡುವುದಿಲ್ಲ ಎಂದು ಬಾಗಿಲಲ್ಲಿ ಹೇಳಿದರು. ಅಣ್ಣ ಗಾಡಿಯನ್ನು ತಿರುತಿರುಗಿ ನೋಡುತ್ತ ಒಳಗೆ ಬಂದ.

ಆಟಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಸಣ್ಣ ಹುಡುಗಿಯರು ತಲೆಕೆಳಗಾಗಿ ಓಡುವ ರೈಲಿನ ಸರದಿಯಲ್ಲಿ ನಿಂತರು. ಅಣ್ಣ ಸಿಮೆಂಟಿನ ಜಲಪಾತದ ಮುಂದೆ ನಿಂತು, "ನಮ್ಮ ಧುಪದಾಳದ ಒಡ್ಡಿಗೆ ಹೊಳಿ ಬಂದಾಗ ನೋಡಬೇಕು, ಇದೇನ್ ನಳ ಬಿಟ್ಟಾರೇನು?" ಎಂದು ಮರಾಠಿ ಜನರಿಗೆ ಕನ್ನಡದಲ್ಲಿ ತಿಳಿಹೇಳಿದ. ಅವ್ವ ಒಂದು ಕಟ್ಟೆಯ ಮೇಲೆ ಕೂತು ಐದೈದು ನಿಮಿಷಕ್ಕೊಮ್ಮೆ ಕೇಳುತ್ತಿದ್ದಳು: "ಆತೇನೋ ಹೊತ್ತು?"

ಒಂದು ಗಂಟೆಗೆ ಹೋಟೆಲಿನ ಗಾಜಿನ ಬಾಗಿಲಿಗೆ ಹೋದಾಗ ನನ್ನ ಪಂಕ್ತಿಯ ಲೆಕ್ಕ ಬಯಲಾಯಿತು. ಮ್ಯಾನೇಜರು ಪಟ್ಟಿ ನೋಡಿ, ಈಗ ಆರೇ ಮಂದಿ, ಉಳಿದವರು ಎರಡೂಕಾಲಿಗೆ ಬನ್ನಿ ಎಂದ. ಶಿಲ್ಪಾ ನನ್ನ ಕೈಯಿಂದ ಮೊಬೈಲು ಕಸಿದುಕೊಂಡು ನೋಡಿದಳು.

"ಅಪ್ಪಾ! ಹೋಟೆಲ್‌ನ್ಯಾಗ ಪಂಗ್ತಿ ಮಾಡೀರಿ?"

"ಮತ್ತ? ಹನ್ನೊಂದ ಮಂದಿ ಒಮ್ಮೆ ಕುಂತ್ರ ನೀಡವರು ಯಾರು?"

"ನೀಡಾಕ ಅವರಿಗೆ ಪಗಾರ ಕೊಡ್ತಾರ!"

ಈ ಮಾತು ನನ್ನ ತಲೆಗೆ ಮೊದಲೇ ಯಾಕೆ ಬರಲಿಲ್ಲವೋ. ಅಂಗಡಿಯಲ್ಲಿ ಬಿಲ್ಲು ಕೊಡುವ ಯಂತ್ರ ಇಟ್ಟಿದ್ದೇನೆ, ಹನಿ ನೀರಾವರಿಯ ಬಗ್ಗೆ ರೈತರಿಗೆ ಭಾಷಣ ಮಾಡುತ್ತೇನೆ. ಆದರೆ ಊಟ ಎಂದೊಡನೆ ನನ್ನೊಳಗಿನಿಂದ ಅಜ್ಜ ಎದ್ದು ಬಂದು ಬೆರಳು ಹಿಡಿದು ಒತ್ತಿಸಿದ್ದ. ಭಾನುವಾರ, ಬೇರೆ ಮೇಜು ಖಾಲಿ ಇರಲಿಲ್ಲ. "ಇರ್ಲಿ ಬಿಡ, ಯಾವತ್ತೂ ಇದ್ದದ್ದ," ಎಂದಳು ಅವ್ವ. ಸುವರ್ಣಾ ನನ್ನ ಕಡೆ ತಿರುಗಿಯೂ ನೋಡದೆ ಬಾಗಿಲಿನಿಂದ ಆಚೆ ಸರಿದಳು.

ನಾವು ಆರು ಮಂದಿ ಕೂತೆವು. ನೋಡಿದರೆ ವೈನಿ ಒಳಗೇ ಬಂದು ಅಣ್ಣನ ಕುರ್ಚಿಯ ಹಿಂದೆ ನಿಂತುಬಿಟ್ಟಿದ್ದಾಳೆ! ಬಡಿಸಲು ಬಂದವನ ಕೈಯಿಂದ ಸೌಟು ಇಸಿದುಕೊಳ್ಳುತ್ತ, "ಕೊಡ್ರಿ ಇಲ್ಲೆ, ಇವರಿಗೆ ಎಷ್ಟ ಬೇಕಂತ ನನಗ ಗೊತ್ತೈತಿ" ಎನ್ನುತ್ತಿದ್ದಳು. ಮ್ಯಾನೇಜರು ಕೈ ಮುಗಿದು ಆಕೆಯನ್ನು ಹೊರಗೆ ಕಳಿಸಿದ. ಗಾಜಿನ ಆಚೆ ಬೆಂಚಿನ ಮೇಲೆ ಐವರು ಹೆಂಗಸರು ಸಾಲಾಗಿ ಕೂತರು. ಅವ್ವ ನನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಮನೆಯಲ್ಲೂ ಹಾಗೇ ನೋಡುತ್ತಾಳೆ, ಖಾಲಿಯಾಯಿತೇ ಎಂದು.

ಊಟ ಚಲೋ ಇತ್ತು. ಎಣ್ಣೆಗಾಯಿಯಂಥದೊಂದು ಬದನೆಕಾಯಿ ಪಲ್ಯ, ಝುಣಕ, ಕಟ್ಟಿನ ಸಾರಿನಂಥದ್ದು, ಬಿಳಿಜೋಳದ ಬಿಸಿ ಭಾಕ್ರಿ. ಮೊದಲ ಭಾಕ್ರಿ ಮುಗಿಯಿತು. ಬುಟ್ಟಿ ಹಿಡಿದವನು ಬಂದು "ಭಾಕ್ರಿ?" ಎಂದ. ಅಣ್ಣ ವಾಡಿಕೆಯಂತೆ ಕೈ ಅಡ್ಡ ಹಿಡಿದು, ತನಗೆ ಬರುವ ಮರಾಠಿಯಲ್ಲಿ "ನಕೋ ನಕೋ" ಎಂದ. ಅವನು ಹೊರಟುಹೋದ.

ಅಣ್ಣನ ಕೈ ಹಾಗೇ ತಟ್ಟೆಯ ಮೇಲೆ ನಿಂತಿತ್ತು. ಬೆರಳ ನಡುವೆ ಎತ್ತಿನ ಗಾಡಿ ಹಾಯುವಷ್ಟು ಸಂದು.

ತಂಗಿಯ ಗಂಡ, ನಮ್ಮ ಅಳಿಯಂದಿರದು ಇನ್ನೂ ಕಷ್ಟ. ಮನೆಯ ಅಳಿಯ ಮೂರು ಸಲವಾದರೂ ಬ್ಯಾಡ ಎನ್ನಬೇಕು, ಇಲ್ಲದಿದ್ದರೆ ಹೊಟ್ಟೆಬಾಕ ಎನ್ನುತ್ತಾರೆ. ಅವರು ಎರಡೂ ಕೈ ಮುಚ್ಚಿ, ಮೈ ಬಾಗಿಸಿ, ಅರ್ಧ ಎದ್ದು ನಿಂತು "ನಕೋ" ಎಂದರು. ಅಷ್ಟು ಜೋರಾಗಿ ಬೇಡವೆಂದವರ ಹತ್ತಿರ ಬುಟ್ಟಿಯವನು ಆಮೇಲೆ ಸುಳಿಯಲೇ ಇಲ್ಲ. ನಾನೂ ಒಮ್ಮೆ ಅಂದೆ. ಒಂದೇ ಸಾಕಾಯಿತು.

ಢಾಬಾಗಳಲ್ಲಿ ಬೆಳೆದ ಈರಪ್ಪ ಮಾತ್ರ ಕೇಳಿದಾಗೊಮ್ಮೆ "ಹಾಕ" ಎಂದು ಐದು ಭಾಕ್ರಿ ಹೊಡೆದ. ಸಣ್ಣ ಹುಡುಗಿಯರೂ ನಾಚದೆ ಕೇಳಿ ಹಾಕಿಸಿಕೊಂಡರು. ನಾವು ಮೂವರು ಮರ್ಯಾದಸ್ಥರು ಒಂದೊಂದು ಭಾಕ್ರಿ ತಿಂದು ಕೈ ತೊಳೆದೆವು.

"ಎಂಥಾ ಮಂದೀಪಾ ಇವರು," ಎಂದ ಅಣ್ಣ ಹೊರಗೆ ಬಂದು. "ಒಂದ್ ಸಲಾ ಕೇಳಿ ಹೋಗೇ ಬಿಡ್ತಾರಲ್ಲ!"

"ಮಾಮಾರ," ಎಂದು ಅಳಿಯಂದಿರು ನನ್ನ ಕಿವಿಯ ಹತ್ತಿರ ಬಂದರು, "ಗಾಡ್ಯಾಗ ಅರ್ಧಾ ಗಂಟ ರೊಟ್ಟಿ ಅದಾವಲ್ಲ?"

"ಹೊರಗ ಹೋದ್ರ ಒಳಗ ಬಿಡಾಂಗಿಲ್ರಿ."

"ಒಳಗರ ಏನೈತಿ ಬಿಡ್ರಿ," ಎಂದರು ಅವರು, ಬಹಳ ವೈರಾಗ್ಯದಿಂದ.

ಎರಡೂಕಾಲಿಗೆ ಹೆಂಗಸರು ಒಳಗೆ ಹೋದರು, ನಾವು ಅವರ ಬೆಂಚಿಗೆ ಬಂದೆವು. ಅವರು ಕೂತು ಕಾಯಿಸಿದ ಜಾಗ ಇನ್ನೂ ಬೆಚ್ಚಗಿತ್ತು. ಗಾಜಿನೊಳಗೆ ನೋಡಿದರೆ ಹೊಸ ಪಲ್ಯ, ಹೊಸ ಬುಟ್ಟಿ, ಎಲ್ಲ ಮೊದಲಿನಿಂದ. ಹೋಟೆಲಿನವರಿಗೆ ಇದು ಎರಡನೆಯ ಪಂಕ್ತಿ ಎಂದು ಯಾರೂ ಹೇಳಿರಲಿಲ್ಲ. ವೈನಿ ತುಂಬಿದ ಬಟ್ಟಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು. ಬುಟ್ಟಿಯವನು ಬಂದು ಕೇಳಿದ. ವೈನಿ ಹಾಕು ಎಂದಳು. ತಂಗಿ ಹಾಕು ಎಂದಳು. ಸುವರ್ಣಾ ಹಾಕು ಎಂದದ್ದಲ್ಲದೆ ಎರಡು ಹಾಕು ಎಂದು ಬೆರಳು ತೋರಿಸಿದಳು. ನನಗೆ ಬೆರಗಾಯಿತು. ಆಮೇಲೆ ತಿಳಿಯಿತು: ಜೀವಮಾನದಲ್ಲಿ ಯಾರೂ ಅವರಿಗೆ ಒತ್ತಾಯ ಮಾಡಿ ನೀಡಿದ್ದಿಲ್ಲ, ಹೀಗಾಗಿ ಬ್ಯಾಡ ಎನ್ನುವ ಚಾಳಿಯೇ ಅವರಿಗೆ ಹತ್ತಿರಲಿಲ್ಲ.

"ಅಲ್ನೋಡೋ," ಎಂದ ಅಣ್ಣ. "ಅವ್ವ."

ಅವ್ವ ಎದ್ದು ನಿಂತಿದ್ದಳು. ಬುಟ್ಟಿಯವನ ಕೈಯಿಂದ ಬುಟ್ಟಿ ಇಸಿದುಕೊಂಡು ವೈನಿಗೆ ಒಂದು, ತಂಗಿಗೆ ಒಂದು ಹಾಕುತ್ತಿದ್ದಳು. ಅವನು ಆಕೆಯನ್ನು ಕೂಡಿಸಿದ. ಮತ್ತೆ ಎದ್ದಳು. ಶಿಲ್ಪಾ ಸೆರಗು ಹಿಡಿದು ಜಗ್ಗಿ ಕೂಡಿಸಿದಳು. ಮತ್ತೆ ಎದ್ದಳು. ಆಕೆಯ ತಟ್ಟೆಯಲ್ಲಿನ ಭಾಕ್ರಿ ಬಿದ್ದಲ್ಲೇ ಬಿದ್ದಿತ್ತು, ಅದರ ಹೊಗೆ ನಿಂತು ಎಷ್ಟೋ ಹೊತ್ತಾಗಿತ್ತು. ಏಳಬೇಕಾಗಿಲ್ಲ ಎಂಬ ಒಂದೇ ಮಾತಿಗೆ ಇಷ್ಟು ದೂರ ಬಂದಾಕೆ.

ನಾನು ಬಾಗಿಲು ನೂಕಿ ಒಳಗೆ ಹೋದೆ. ಮ್ಯಾನೇಜರು ಅಡ್ಡ ಬಂದ. ಒಮ್ಮೆ ಉಂಡವರು ಮತ್ತೆ ಕೂಡುವಂತಿಲ್ಲ ಎಂದ.

"ಕುಂದ್ರಾಕ ಅಲ್ರಿ," ಎಂದೆ. "ನಿಂದ್ರಾಕ."

ಅವನಿಗೆ ಕನ್ನಡ ತಿಳಿಯಲಿಲ್ಲ. ಆ ಹೊತ್ತಿಗೆ ನಾನು ಅವ್ವನ ಕೈಯಲ್ಲಿನ ಬುಟ್ಟಿ ಹಿಡಿದಿದ್ದೆ. ಅವ್ವ ಬಿಡಲಿಲ್ಲ, ನಾನೂ ಬಿಡಲಿಲ್ಲ. ಪಕ್ಕದ ಮೇಜಿನವರು ಉಣ್ಣುವುದು ಬಿಟ್ಟು ನಮ್ಮನ್ನೇ ನೋಡಿದರು.

"ಅವ್ವಾ, ಕುಂದ್ರು. ನಾ ನೀಡ್ತೀನಿ."

"ನಿನಗೆಲ್ಲಿ ಬರ್ತೈತೋ."

ಬರುತ್ತಿರಲಿಲ್ಲ, ಖರೆ. ಮೊದಲ ಭಾಕ್ರಿಯನ್ನು ಝುಣಕದ ಬಟ್ಟಲಿನೊಳಗೇ ಬೀಳಿಸಿದೆ. "ಶಿಲ್ಪಾನ ಅಪ್ಪಾರ, ಭಾಕ್ರಿ ತಟ್ಟ್ಯಾಗ ಹಾಕ್ತಾರ್ರಿ," ಎಂದಳು ಸುವರ್ಣಾ. ಒಂದು ಗಂಟೆಯಿಂದ ಆಕೆ ನನ್ನೊಡನೆ ಆಡಿದ ಮೊದಲ ಮಾತು ಅದು. ವೈನಿ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನು ಆರಿದ ಭಾಕ್ರಿ ತೆಗೆದು ಬಿಸಿಯದನ್ನು ಅವ್ವನ ತಟ್ಟೆಗೆ ಹಾಕಿ ಹಿಂದೆ ನಿಂತೆ. ಅವ್ವ ಎರಡು ಸಲ ತಿರುಗಿ ನೋಡಿದಳು, ಬುಟ್ಟಿ ಸರಿಯಾಗಿ ಹಿಡಿದಿದ್ದೇನೋ ಇಲ್ಲವೋ ಎಂದು. ಮೂರನೆಯ ಸಲ ತಿರುಗಲಿಲ್ಲ. ಉಣ್ಣತೊಡಗಿದಳು.

ಆ ಭಾಕ್ರಿ ಮುಗಿಯಿತು. "ಇನ್ನೊಂದು," ಎಂದೆ.

"ಬ್ಯಾಡೋ," ಎಂದು ಅವ್ವ ಕೈ ಅಡ್ಡ ಹಿಡಿದಳು.

ಅವ್ವನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಖರೆ ಬ್ಯಾಡವೋ, ನಮಸ್ಕಾರದ ಬ್ಯಾಡವೋ, ನನಗೆ ಹೇಗೆ ಗೊತ್ತಾಗಬೇಕು? ಅಂಕಲಗಿ ಕಾಕಾ ನೆನಪಾದರು. ಮಾರಿ ನೋಡಲಿಲ್ಲ. ಬೆರಳು ನೋಡಿದೆ. ಅರವತ್ತು ವರ್ಷ ರೊಟ್ಟಿ ಬಡಿದ ಬೆರಳುಗಳು, ಒಂದೊಂದು ಒಂದೊಂದು ಕಡೆಗೆ ಸೊಟ್ಟ. ಅವುಗಳ ನಡುವೆ ಸಂದಿತ್ತು.

"ಏನ್ ನೋಡಾಕತ್ತೀ?"

"ಬೆರಳ ಕೂಡಿಸಿ ಹಿಡಿ ಅವ್ವಾ. ಆಗ ಬಿಡ್ತೀನಿ."

ಅವ್ವ ಕೂಡಿಸಲು ನೋಡಿದಳು. ಇನ್ನೊಂದು ಕೈಯಿಂದ ಒತ್ತಿಯೂ ನೋಡಿದಳು. "ಕೂಡಾಂಗಿಲ್ಲೋ ಹುಚ್ಚಾ ಅವು," ಎಂದಳು. "ಕೂಡಲಾರ್ದಕ ಎಷ್ಟೋ ವರ್ಷಾತು."

ನಾನು ಭಾಕ್ರಿ ಹಾಕಿದೆ. ಅವ್ವ ಅದನ್ನು ಸ್ವಲ್ಪ ಹೊತ್ತು ನೋಡಿದಳು. ತುದಿ ಮುರಿಯಲು ಹೋಗಿ, ಸುಟ್ಟಂತಾಗಿ ಬೆರಳು ಹಿಂದೆ ತೆಗೆದುಕೊಂಡಳು.

"ಬಿಸಿ ಐತಿ," ಎಂದಳು.